ರೋಗಶಯ್ಯೆಯ ಮಕ್ಕಳ ಬಂಧು ಡಾ. ಯಾನುಷ್ ಕೋರ್ಚಾಕ್

ಮಗುವಿಗೆ ಜ್ವರ ಬಂದರೆ ವೈದ್ಯನು ನಾಡಿ ನೋಡುತ್ತಾನೆ, ಔಷಧಿ ಕೊಡುತ್ತಾನೆ, ಹಾಸಿಗೆ ಬಿಟ್ಟು ಏಳಕೂಡದೆಂದು ಹೇಳಿ ಹೊರಟುಹೋಗುತ್ತಾನೆ. ಆಮೇಲಿನ ದೀರ್ಘವಾದ ಹಗಲುಗಳಲ್ಲಿ ಆ ಮಗು ಏನನ್ನು ಯೋಚಿಸುತ್ತದೆ, ಇರುಳಿನಲ್ಲಿ ಏತಕ್ಕಾಗಿ ಬೆಚ್ಚಿಬೀಳುತ್ತದೆ, ಅದರ ತಲೆದೆಸೆಯಲ್ಲಿ ನಿದ್ದೆಗೆಟ್ಟು ಕುಳಿತ ತಾಯಿಯ ಅಥವಾ ದಾದಿಯ ಮನಸ್ಸು ಹೇಗಿರುತ್ತದೆ ಎಂಬುದು ಔಷಧಿಯ ಚೀಟಿಯಲ್ಲಿ ಬರೆಯುವ ವಿಷಯವಲ್ಲ. ಅದನ್ನೂ ವೈದ್ಯನ ಕರ್ತವ್ಯದೊಳಗೆ ಸೇರಿಸಿಕೊಂಡು, ಪತ್ರಿಕೆ, ದಿನಚರಿ, ಕಥೆ, ನಾಟಕಗಳನ್ನು ಔಷಧಿಯ ಸೀಸೆಯ ಪಕ್ಕದಲ್ಲಿಯೇ ಇರಿಸಿದ ಮಹನೀಯರು ಪೋಲೆಂಡ್ ದೇಶದ ಡಾ. ಯಾನುಷ್ ಕೋರ್ಚಾಕ್. ಅವರ ಆಶ್ರಯದಲ್ಲಿದ್ದ ಮಕ್ಕಳು ತಮ್ಮ ಬಾಳಿನ ಕೊನೆಯ ದಿನಗಳಲ್ಲಿ ಆಡಿದ ನಾಟಕವು ರವೀಂದ್ರನಾಥ ಠಾಕೂರರ ‘ಡಾಕ್ ಘರ್’ ಆಗಿತ್ತೆಂಬುದು ಭಾರತೀಯರಿಗೆ ಅವರನ್ನು ಇನ್ನಷ್ಟು ಹತ್ತಿರಕ್ಕೆ ತರುವ ಸಂಗತಿ.

ಕೋರ್ಚಾಕ್ ಎಂಬುದು ಅವರ ಕಾವ್ಯನಾಮ. ತಂದೆತಾಯಿಗಳಿಟ್ಟ ಹೆಸರು ಹೆನ್ರಿಕ್ ಗೋಲ್ಡ್‌ಷ್ಮಿಟ್. ಆಗ ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ವಾರ್ಸಾ ನಗರದ ಅನುಕೂಲಸ್ಥ ಯೆಹೂದಿ ಮನೆತನದಲ್ಲಿ ಜುಲೈ 22ರಂದು ಜನಿಸಿದರು. ವರ್ಷ 1878 ಅಥವಾ 1879. ತಂದೆಯವರು ಜನನವನ್ನು ಸಕಾಲದಲ್ಲಿ ನೋಂದಾಯಿಸದಿದ್ದುದರಿಂದ ಮಗನಿಗೆ ತನ್ನ ವಯಸ್ಸೇ ಕಡೆಯವರೆಗೂ ಖಚಿತವಾಗಲಿಲ್ಲ. ತಂದೆ ಹೆಸರಾಂತ ವಕೀಲರು. ಅಂತಹವರಿಗೆ ಮನೋರೋಗ ತಗಲಿತು. ಚಿಕಿತ್ಸೆಯ ವೆಚ್ಚದಲ್ಲಿ ಮನೆಯ ಸಂಪತ್ತು ಕರಗಿಹೋಯಿತು. 1896ರಲ್ಲಿ ಅವರು ತೀರಿಕೊಂಡಾಗ ಬಾಲಕ ಹೆನ್ರಿಕ್ ಇನ್ನೂ ಶಾಲೆಯಲ್ಲಿದ್ದನು. ಮನೆಪಾಠ ಹೇಳಿ ತಾಯಿಯನ್ನೂ ಸಹೋದರಿಯನ್ನೂ ಸಾಕುವ ಹೊಣೆ ಅವನ ಮೇಲೆ ಬಿತ್ತು. ತಂದೆಯ ರೋಗ ತನಗೂ ಬಂದೀತೆಂಬ ಅಂಜಿಕೆ ಅವರನ್ನು ಬಹುಕಾಲ ಕಾಡಿತು. ಆ ದುಃಖವನ್ನು ಅವರು ಒಳಗೇ ಅದುಮಿಡಲಿಲ್ಲ. 1898ರಲ್ಲಿ ಒಂದು ನಾಟಕ ಸ್ಪರ್ಧೆಗೆ, ಬುದ್ಧಿಭ್ರಮಣೆಯಾದ ಗೃಹಸ್ಥನಿಂದ ಒಂದು ಸಂಸಾರ ಕುಸಿಯುವ ಕಥೆಯನ್ನು ನಾಟಕವಾಗಿ ಬರೆದು ಕಳುಹಿಸಿದರು. ಪೋಲಿಷ್ ಕಾದಂಬರಿಕಾರ ಕ್ರಾಶೆವ್ಸ್ಕಿಯವರ ಒಂದು ಕೃತಿಯ ನಾಯಕನಿಂದ ಎರವಲು ಪಡೆದ ಕೋರ್ಚಾಕ್ ಎಂಬ ಹೆಸರು ಬಂದುದು ಆ ಹಸ್ತಪ್ರತಿಯ ಮೇಲೆಯೇ. ನಾಟಕದ ಪ್ರತಿ ಉಳಿದಿಲ್ಲ, ಹೆಸರು ಉಳಿಯಿತು. ರೋಗಿಯ ಮನೆಯವರ ನೋವು ಬರವಣಿಗೆಯಾಗಿ ಹೊರಬಂದರೆ ಸಹ್ಯವಾಗುತ್ತದೆಂಬ ಅರಿವು ಅವರಿಗೆ ವೈದ್ಯಶಾಸ್ತ್ರಕ್ಕಿಂತ ಮೊದಲೇ ದೊರೆತಿತ್ತೆಂದು ಹೇಳಬೇಕು.

1905ರಲ್ಲಿ ವೈದ್ಯಪದವಿ ಪಡೆದ ಅವರನ್ನು ರಷ್ಯಾ–ಜಪಾನ್ ಯುದ್ಧ ಕೆಲಕಾಲ ಮಂಚೂರಿಯಕ್ಕೆ ಎಳೆದೊಯ್ದಿತು. ಅದರ ಹಿಂದುಮುಂದಿನ ವರ್ಷಗಳು, ಅಂದರೆ 1905ರಿಂದ 1912ರವರೆಗೆ, ವಾರ್ಸಾದ ಶ್ಲಿಸ್ಕಾ ಬೀದಿಯ ಮಕ್ಕಳ ಆಸ್ಪತ್ರೆಯಲ್ಲಿ ಕಳೆದವು. ಬೆರ್ಸೋನ್ ಮತ್ತು ಬೌಮನ್ ಎಂಬ ಎರಡು ದಾನಿ ಕುಟುಂಬಗಳು ಕಟ್ಟಿಸಿದ್ದ ಆ ಆಸ್ಪತ್ರೆಯಲ್ಲಿ ಬಡಮಕ್ಕಳಿಗೆ ಚಿಕಿತ್ಸೆ ಉಚಿತವಾಗಿತ್ತು. ಕೋರ್ಚಾಕರು ಆಸ್ಪತ್ರೆಯ ಆವರಣದಲ್ಲಿಯೇ ವಾಸವಾಗಿದ್ದರು. ಹೊರಗೆ ಶ್ರೀಮಂತರ ಮನೆಗಳಿಂದ ಕರೆ ಬಂದರೆ ಮೂರು, ಐದು ರೂಬಲ್ ಶುಲ್ಕ ಕೇಳುತ್ತಿದ್ದ ಅವರು ಬಡವರಿಂದ ಕೇವಲ ಇಪ್ಪತ್ತು ಕೊಪೆಕ್ ಪಡೆಯುತ್ತಿದ್ದರು. ಅದನ್ನೂ ಬಿಡದಿದ್ದುದಕ್ಕೆ ಕಾರಣವಿತ್ತು: ಏನೂ ಪಡೆಯದ ವೈದ್ಯನಿಂದ ರೋಗಿಗೆ ಗುಣವಾಗದೆಂಬ ಹಳೆಯ ಯೆಹೂದಿ ನಂಬಿಕೆಯನ್ನು ಅವರು ಗೌರವಿಸುತ್ತಿದ್ದರು. ನಡುನಡುವೆ ಬರ್ಲಿನ್, ಪ್ಯಾರಿಸ್, ಲಂಡನ್ ನಗರಗಳಿಗೆ ಹೋಗಿ ಶಿಶುವೈದ್ಯದ ಹೊಸ ಪದ್ಧತಿಗಳನ್ನು ಕಂಡುಬಂದರು.

ಆಸ್ಪತ್ರೆಯ ವರ್ಷಗಳು ಅವರಿಗೆ ಎರಡು ಪಾಠಗಳನ್ನು ಕಲಿಸಿದವು. ವಾಸಿಯಾದ ಮಗು ಮರಳಿ ಹೋಗುವುದು ಅದೇ ಕತ್ತಲೆಯ ನೆಲಮಾಳಿಗೆಗೆ, ಅದೇ ಹಸಿವಿಗೆ. ಕೆಲವು ತಿಂಗಳಲ್ಲಿ ಅದು ಅದೇ ಹಾಸಿಗೆಗೆ ಹಿಂತಿರುಗಿದರೆ ಅಚ್ಚರಿಪಡಬೇಕಾಗಿಲ್ಲ ಎಂಬುದು ಒಂದು. ಹಾಸಿಗೆಯಲ್ಲಿರುವ ಮಗು ರೋಗದ ಒಂದು ಉದಾಹರಣೆಯಲ್ಲ, ಅದು ತನ್ನ ರೋಗವನ್ನು ಕುರಿತು ತಾನೇ ಆಲೋಚಿಸುವ ಒಬ್ಬ ವ್ಯಕ್ತಿ ಎಂಬುದು ಮತ್ತೊಂದು. ಈ ಎರಡನೆಯ ಮಾತು ಇಂದು ಸಾಮಾನ್ಯವೆಂದು ತೋರಬಹುದು. ಆ ಕಾಲದ ಆಸ್ಪತ್ರೆಗಳಲ್ಲಿ ಅದು ಹಾಗಿರಲಿಲ್ಲ.

1912ರ ಅಕ್ಟೋಬರಿನಲ್ಲಿ ಕ್ರೋಖ್ಮಾಲ್ನಾ ಬೀದಿಯ 92ನೆಯ ಸಂಖ್ಯೆಯ ಹೊಸ ಕಟ್ಟಡದಲ್ಲಿ ಯೆಹೂದಿ ಅನಾಥಮಕ್ಕಳ ನಿಲಯ ಪ್ರಾರಂಭವಾಯಿತು. ದಾನಿಗಳ ನೆರವಿನಿಂದ ಎದ್ದ ಆ ಮನೆಗೆ ಕೋರ್ಚಾಕರು ನಿರ್ದೇಶಕರಾದರು. ಬೆಲ್ಜಿಯಂ ದೇಶದಲ್ಲಿ ವಿಜ್ಞಾನ ವ್ಯಾಸಂಗ ಮಾಡಿ ಬಂದಿದ್ದ ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಎಂಬ ಮಹಿಳೆ ದಿನನಿತ್ಯದ ಆಡಳಿತವನ್ನು ವಹಿಸಿಕೊಂಡರು. ಸುಮಾರು ನೂರು ಮಕ್ಕಳ ಊಟ, ಬಟ್ಟೆ, ಸ್ನಾನ, ಜ್ವರ, ಕೆಮ್ಮು ಎಲ್ಲವೂ ಆ ತಾಯಿಯ ಗಮನದಲ್ಲಿರುತ್ತಿತ್ತು. ಕೋರ್ಚಾಕರ ಕೀರ್ತಿಯ ಅರ್ಧಭಾಗ ಆಕೆಗೆ ಸಲ್ಲಬೇಕಾದುದು. ಇಷ್ಟಾದರೂ ಆಸ್ಪತ್ರೆಯನ್ನು ಬಿಟ್ಟುಬಂದುದು ರೋಗಿ ಮಗುವಿಗೆ ತಾನು ಬಗೆದ ದ್ರೋಹವೆಂಬ ಕೊರಗು ಡಾಕ್ಟರರಲ್ಲಿ ಕೊನೆಯವರೆಗೂ ಉಳಿಯಿತು.  ವಾರಕ್ಕೊಮ್ಮೆ ಪ್ರತಿ ಮಗುವನ್ನೂ ತಾವೇ ತೂಗಿ, ಎತ್ತರವನ್ನು ಅಳೆದು ಬರೆದಿಡುತ್ತಿದ್ದರು. ಮೂವತ್ತು ವರ್ಷಗಳ ಆ ಅಂಕಿಅಂಶಗಳ ರಾಶಿ ಅವರಿಗೆ ಒಂದು ಕಾವ್ಯದಷ್ಟು ಪ್ರಿಯವಾಗಿತ್ತು.

ನಿಲಯದ ವ್ಯವಸ್ಥೆಯಲ್ಲಿ ಮಕ್ಕಳ ನ್ಯಾಯಾಲಯ, ಮಕ್ಕಳ ಸಂಸತ್ತುಗಳು ಹೆಚ್ಚು ಪ್ರಸಿದ್ಧವಾಗಿವೆ. ಆದರೆ ಕೋರ್ಚಾಕರ ಮನಸ್ಸನ್ನು ಅರಿಯಲು ಗೋಡೆಯ ಮೇಲಿದ್ದ ಒಂದು ಅಂಚೆಪೆಟ್ಟಿಗೆಯನ್ನು ನೋಡಿದರೆ ಸಾಕು. ಹೇಳಬೇಕಾದುದನ್ನು ಮಗು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬಹುದಾಗಿತ್ತು. ಎದುರು ನಿಂತು ಹೇಳಲಾರದ ನೋವು ಅಕ್ಷರವಾಗಿ ಬರುತ್ತಿತ್ತು. ಬರೆಯುವಾಗ ಮಗು ತನ್ನ ಅಳಲನ್ನು ತಾನೇ ತೂಗಿನೋಡುತ್ತಿತ್ತು. ಉತ್ತರಕ್ಕಾಗಿ ಕಾಯುವುದನ್ನು ಕಲಿಯುತ್ತಿತ್ತು. ಬರೆಯಬಾರದ ಮಗು ಬರೆಯಬಲ್ಲ ಗೆಳೆಯನ ಸಹಾಯ ಪಡೆಯುತ್ತಿತ್ತು. ನಿಲಯಕ್ಕೆ ತನ್ನದೇ ಆದ ಪತ್ರಿಕೆಯಿದ್ದು, ಅದನ್ನು ವಾರವಾರವೂ ಎಲ್ಲರೆದುರು ಓದಲಾಗುತ್ತಿತ್ತು. ಹೊಸದಾಗಿ ಬಂದ ಮಗುವಿಗೆ ಹಿರಿಯ ಮಗುವೊಂದು ಪೋಷಕನಾಗಿ ನೇಮಕವಾಗುತ್ತಿತ್ತು. ಅವರಿಬ್ಬರೂ ಒಂದೇ ಪುಸ್ತಕದಲ್ಲಿ ಪರಸ್ಪರ ಬರೆದುಕೊಳ್ಳುತ್ತಿದ್ದುದೂ ಉಂಟು. ಚಳಿಗಾಲದಲ್ಲಿ ಬೇಗನೆ ಎದ್ದವನಿಗೆ ಹಿಮದ ಚಿತ್ರವುಳ್ಳ ಕಾರ್ಡು, ರಾಶಿರಾಶಿ ಆಲೂಗಡ್ಡೆ ಸುಲಿದವನಿಗೆ ಹೂವಿನ ಚಿತ್ರದ ಕಾರ್ಡು ನೆನಪಿಗಾಗಿ ದೊರೆಯುತ್ತಿತ್ತು.

ಮೊದಲನೆಯ ಮಹಾಯುದ್ಧ ಅವರನ್ನು ಮತ್ತೆ ಸೈನ್ಯದ ಆಸ್ಪತ್ರೆಗಳಿಗೆ ಒಯ್ದಿತು. ಗಾಯಾಳುಗಳ ನಡುವೆ ಕುಳಿತು ಅವರು ಬರೆದುದು ಯುದ್ಧದ ಕಥೆಯನ್ನಲ್ಲ, ಮಗುವನ್ನು ಪ್ರೀತಿಸುವ ಬಗೆಯನ್ನು ಕುರಿತ ಗ್ರಂಥವನ್ನು. ಯುದ್ಧಾನಂತರ ಸ್ವತಂತ್ರವಾದ ಪೋಲೆಂಡಿನ ಸೇನೆಯಲ್ಲಿ ವೈದ್ಯರಾಗಿದ್ದಾಗ, ಸಾಂಕ್ರಾಮಿಕ ರೋಗಿಗಳ ಶುಶ್ರೂಷೆಯಲ್ಲಿ ಅವರಿಗೆ ಟೈಫಸ್ ಜ್ವರ ತಗಲಿತು. ತಾಯಿ ಅವರ ಆರೈಕೆಗೆ ನಿಂತರು. ಮಗ ಬದುಕಿದನು, ಅದೇ ಜ್ವರ ತಾಯಿಗೆ ಅಂಟಿ, 1920ರಲ್ಲಿ ಆಕೆ ತೀರಿಕೊಂಡರು. ರೋಗಿಯನ್ನು ಕಾಯುವವರ ಪಾಡೇನೆಂಬುದನ್ನು ಅವರು ಇದಕ್ಕಿಂತ ಕ್ರೂರವಾಗಿ ಅರಿಯುವಂತಿರಲಿಲ್ಲ. ಸಾಯುವ ಯೋಚನೆಯೂ ಅವರನ್ನು ಆ ದಿನಗಳಲ್ಲಿ ಸುಳಿದುಹೋಯಿತು. ಕೊನೆಗೆ ಲೇಖನಿ ಕೈಹಿಡಿಯಿತು. ಪ್ರಾರ್ಥಿಸದವರ ಪ್ರಾರ್ಥನೆಗಳೆಂಬ ಪುಟ್ಟ ಪುಸ್ತಕವೊಂದನ್ನು ಬರೆದು ತಂದೆತಾಯಿಗಳ ಸ್ಮರಣೆಗೆ ಅರ್ಪಿಸಿದರು. 1922ರಲ್ಲಿ ಅದು ಪ್ರಕಟವಾಯಿತು. ತಾಯಿ ದೇವರೊಡನೆ ಆಡುವ ಮಾತು, ಮಗುವಿನ ಮೊರೆ, ವೃದ್ಧನ ಅಳಲು, ಹೀಗೆ ಬೇರೆಬೇರೆಯವರ ಬಾಯಲ್ಲಿ ತಮ್ಮ ಶೋಕವನ್ನು ಹಂಚಿಟ್ಟರು. ಪೋಲೆಂಡಿನ ಮಕ್ಕಳೆಲ್ಲ ಓದಿದ ಮಾತ್ಯುಷ್ ರಾಜನ ಕಥೆಯೂ ಇದೇ ಸುಮಾರಿನದು. ಅದರ ನಾಯಕನು ತಂದೆತಾಯಿಗಳನ್ನು ಕಳೆದುಕೊಂಡು ಸಿಂಹಾಸನವೇರಿದ ಬಾಲಕ. ಪುಸ್ತಕದ ಮೊದಲಿಗೆ ಕೋರ್ಚಾಕರು ತಮ್ಮ ಬಾಲ್ಯದ ಭಾವಚಿತ್ರವನ್ನೇ ಅಚ್ಚುಹಾಕಿಸಿದ್ದರು.

1926ರ ಅಕ್ಟೋಬರ್ 9ರಂದು ಅವರು ಆರಂಭಿಸಿದ ‘ಮಾವಿ ಪ್ಶೆಗ್ಲೋಂದ್’ ಎಂಬ ವಾರಪತ್ರಿಕೆ, ಒಂದು ದೈನಿಕದ ಪುರವಣಿಯಾಗಿ, ಯುದ್ಧ ಹೊತ್ತಿಕೊಂಡ 1939ರ ಸೆಪ್ಟೆಂಬರಿನವರೆಗೂ ನಡೆಯಿತು. ಹೆಸರಿನ ಅರ್ಥ ಪುಟ್ಟ ಸಮೀಕ್ಷೆ. ಅದಕ್ಕೆ ಬರೆಯುವವರೆಲ್ಲ ಮಕ್ಕಳು. ನಾಡಿನ ಮೂಲೆಮೂಲೆಗಳಿಂದ ಪತ್ರಗಳು ಬರುತ್ತಿದ್ದವು. ಬರೆದವರಿಗೆ ಸಂಭಾವನೆಯೂ ಸಲ್ಲುತ್ತಿತ್ತು. 1930ರಿಂದ ಇಗೋರ್ ನೆವೆರ್ಲಿ ಎಂಬ ಯುವಕ ಲೇಖಕರು ಅದರ ಸಂಪಾದಕತ್ವವನ್ನು ವಹಿಸಿಕೊಂಡರು.

ಮಕ್ಕಳನ್ನು ನೋಡಿಕೊಳ್ಳುವವರ ಮನಸ್ಸಿಗೂ ಒಂದು ಕಿಟಕಿ ಬೇಕೆಂಬುದನ್ನು ಡಾಕ್ಟರರು ಮರೆತಿರಲಿಲ್ಲ. ನಿಲಯದಲ್ಲಿದ್ದು ತರಬೇತಿ ಪಡೆಯುತ್ತಿದ್ದ ತರುಣ ಶಿಕ್ಷಕರು ತಮ್ಮ ದಿನದ ಅನುಭವ, ಸೋಲು, ಸಿಟ್ಟುಗಳನ್ನು ನೋಟುಪುಸ್ತಕದಲ್ಲಿ ಬರೆದಿಡಬೇಕಾಗಿತ್ತು. ಸ್ತೆಫಾನಿಯಾ ಅವುಗಳನ್ನು ಓದಿ ಅಂಚಿನಲ್ಲಿ ತಮ್ಮ ಅಭಿಪ್ರಾಯ ಬರೆಯುತ್ತಿದ್ದರು. ಮಗುವಿನ ಮೇಲೆ ಬೇಸರಗೊಂಡ ಶಿಕ್ಷಕನು ಅದನ್ನು ಮಗುವಿನ ಬೆನ್ನ ಮೇಲೆ ತೋರಿಸುವುದಕ್ಕಿಂತ ಕಾಗದದ ಮೇಲೆ ತೋರಿಸುವುದು ಲೇಸೆಂಬುದು ಯಾವ ಅಧ್ಯಾಪಕನಿಗೂ ಅರ್ಥವಾಗುವ ವಿವೇಕ. 1930ರ ದಶಕದ ನಡುವಿನಲ್ಲಿ ಮುದಿ ಡಾಕ್ಟರ್ ಎಂಬ ಹೆಸರಿನಿಂದ ಕೋರ್ಚಾಕರು ರೇಡಿಯೋದಲ್ಲಿ ಮಾಡಿದ ಭಾಷಣಗಳು ದೊಡ್ಡವರನ್ನೂ ಚಿಕ್ಕವರನ್ನೂ ಸಮಾನವಾಗಿ ಸೆಳೆದವು. ಅವರ ಹೆಸರನ್ನು ಮಾತ್ರ ರೇಡಿಯೋ ಹೇಳಲಿಲ್ಲ. ಯೆಹೂದಿದ್ವೇಷ ಅಷ್ಟರಲ್ಲಾಗಲೇ ನಾಡಿನ ಗಾಳಿಯಲ್ಲಿ ಬೆರೆತಿತ್ತು.

1939ರಲ್ಲಿ ಜರ್ಮನ್ ಸೈನ್ಯ ಪೋಲೆಂಡನ್ನು ಆಕ್ರಮಿಸಿತು. ಪ್ಯಾಲೆಸ್ತೀನಿನಲ್ಲಿ ಸುರಕ್ಷಿತವಾಗಿದ್ದ ಸ್ತೆಫಾನಿಯಾ ಅದೇ ವರ್ಷ ಯುದ್ಧಕ್ಕೆ ಮೊದಲು ಮಕ್ಕಳ ಬಳಿಗೆ ಮರಳಿ ಬಂದಿದ್ದರು. 1940ರ ನವೆಂಬರಿನಲ್ಲಿ ವಾರ್ಸಾದ ಯೆಹೂದಿಗಳನ್ನು ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿಹಾಕಲಾಯಿತು. 4 ಲಕ್ಷಕ್ಕೂ ಮಿಕ್ಕಿದ ಜನ ಅಲ್ಲಿ ಕಿಕ್ಕಿರಿದರು. ನಿಲಯವೂ ಅಲ್ಲಿಗೆ ಸ್ಥಳಾಂತರವಾಗಬೇಕಾಯಿತು. ಮಕ್ಕಳಿಗಾಗಿ ತಂದಿದ್ದ ಆಲೂಗಡ್ಡೆಯ ಬಂಡಿಯನ್ನು ಸೈನಿಕರು ಕಿತ್ತುಕೊಂಡಾಗ ಪ್ರತಿಭಟಿಸಿದುದಕ್ಕೆ ಡಾಕ್ಟರರಿಗೆ ಸೆರೆಮನೆಯಾಯಿತು. 1941ರ ಅಕ್ಟೋಬರಿನಲ್ಲಿ ನಿಲಯ ಮತ್ತೆ ಸ್ಥಳ ಬದಲಿಸಿ ಶೆನ್ನಾ ಬೀದಿಯ 16ನೆಯ ಮನೆಗೆ ಬಂದಿತು. ಆ ಮನೆಯ ಹಿಂಬದಿ ಶ್ಲಿಸ್ಕಾ ಬೀದಿಗೆ ತೆರೆದಿತ್ತು. ಮೂವತ್ತಾರು ವರ್ಷಗಳ ಹಿಂದೆ ತರುಣ ವೈದ್ಯನಾಗಿ ಅವರು ಕಾಲಿಟ್ಟ ಆಸ್ಪತ್ರೆ ಅದೇ ಬೀದಿಯಲ್ಲಿತ್ತು.

ಮಕ್ಕಳ ಸಂಖ್ಯೆ ಈಗ ಸುಮಾರು ಇನ್ನೂರಕ್ಕೆ ಏರಿತ್ತು. ಹೊರಗೆ ಟೈಫಸ್, ಕ್ಷಯ, ಹಸಿವು. ಬೀದಿಯಲ್ಲಿ ಶವಗಳ ಮೇಲೆ ಕಾಗದ ಹೊದಿಸಿ ಜನ ದಾಟಿಹೋಗುತ್ತಿದ್ದ ಕಾಲ. ಆರೋಗ್ಯ ಕೆಟ್ಟಿದ್ದ ಅರವತ್ತರ ಮೇಲಿನ ಡಾಕ್ಟರರು ದಿನವೂ ಮನೆಮನೆಗೆ ಹೋಗಿ ಮಕ್ಕಳಿಗಾಗಿ ಧಾನ್ಯ, ಹಣ ಬೇಡಿ ತರುತ್ತಿದ್ದರು. ಸಾವಿರದಷ್ಟು ಮಕ್ಕಳು ಸಾಯುತ್ತ ಬಿದ್ದಿದ್ದ ಮತ್ತೊಂದು ಅನಾಥಾಲಯದ ಹೊಣೆಯನ್ನೂ 1942ರ ಆದಿಯಲ್ಲಿ ತಾವಾಗಿ ಕೇಳಿ ಪಡೆದರು. ಹೀಗಿದ್ದೂ ನಿಲಯದಲ್ಲಿ ತೂಕ ನೋಡುವ ದಿನ ತಪ್ಪಲಿಲ್ಲ, ಪತ್ರಿಕೆ ಓದುವ ಶನಿವಾರ ತಪ್ಪಲಿಲ್ಲ. ಮಕ್ಕಳು ದಿನಚರಿ ಬರೆದು ತಂದು ಅವರಿಗೆ ಓದಿಹೇಳುತ್ತಿದ್ದರು. ಇರುಳಾದ ಮೇಲೆ, ಜ್ವರದಲ್ಲಿದ್ದ ಮಕ್ಕಳ ಹಾಗೂ ಒಬ್ಬ ರೋಗಿ ಮುದಿ ದರ್ಜಿಯ ಹಾಸಿಗೆಗಳ ನಡುವೆ, ಕಾರ್ಬೈಡ್ ದೀಪದ ಬೆಳಕಿನಲ್ಲಿ ಡಾಕ್ಟರರು ತಮ್ಮ ದಿನಚರಿಯನ್ನು ಬರೆಯುತ್ತಿದ್ದರು. ಕೆಮ್ಮು, ನರಳಾಟ ಕೇಳಿಬಂದರೆ ಎದ್ದು ಹೋಗಿ ನೋಡಿ ಬಂದು ಮತ್ತೆ ಬರೆಯುವರು.

ಇಂತಹ ಸಂದರ್ಭದಲ್ಲಿ ನಿಲಯ ನಾಟಕವೊಂದನ್ನು ಆಡಿತು. ಆರಿಸಿದ ನಾಟಕ ‘ಡಾಕ್ ಘರ್’. ಠಾಕೂರರು ಅದನ್ನು ಬರೆದುದು 1911ರಲ್ಲಿ. ಅದಕ್ಕೆ ಮೊದಲು ಅವರ ಮನೆಯನ್ನೂ ಮೃತ್ಯು ಮತ್ತೆಮತ್ತೆ ಹೊಕ್ಕಿತ್ತು: 1902ರಲ್ಲಿ ಪತ್ನಿ, 1903ರಲ್ಲಿ ಕ್ಷಯಪೀಡಿತಳಾದ ಮಗಳು ರೇಣುಕಾ, 1907ರಲ್ಲಿ ಕಾಲರಾಕ್ಕೆ ತುತ್ತಾದ ಕಿರಿಯ ಮಗ ಶಮೀಂದ್ರ. ಮಗಳ ಶುಶ್ರೂಷೆಗಾಗಿ ಅಲ್ಮೋರದಲ್ಲಿದ್ದ ದಿನಗಳಲ್ಲಿ ಕವಿಗಳು ಮಕ್ಕಳ ಕವಿತೆಗಳನ್ನು ರಚಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ವಾರ್ಸಾದ ವೈದ್ಯನೂ ಬಂಗಾಳದ ಕವಿಯೂ ಎಂದೂ ಸಂಧಿಸಲಿಲ್ಲ. ರೋಗಿಯ ತಲೆದೆಸೆಯಲ್ಲಿ ಕುಳಿತವನ ಅನುಭವ ಇಬ್ಬರಿಗೂ ಒಂದೇ ಆಗಿತ್ತು.

ನಾಟಕದ ಬಾಲಕ ಅಮಲ ಅನಾಥ. ಮಾಧವನೆಂಬುವನು ಅವನನ್ನು ಸಾಕಿದ್ದಾನೆ. ಹುಡುಗನಿಗೆ ವಾಸಿಯಾಗದ ಕಾಯಿಲೆ. ಹೊರಗಿನ ಗಾಳಿ, ಬಿಸಿಲು ತಾಕಕೂಡದೆಂದು ವೈದ್ಯನ ಕಟ್ಟಳೆ. ಕಿಟಕಿಯ ಬಳಿ ಕುಳಿತ ಅವನು ಮೊಸರು ಮಾರುವವನನ್ನು, ಕಾವಲುಗಾರನನ್ನು, ಹೂ ಬಿಡಿಸಲು ಹೊರಟ ಸುಧಾ ಎಂಬ ಹುಡುಗಿಯನ್ನು ಮಾತಾಡಿಸುತ್ತಾನೆ. ಅವರ ಮಾತಿನಿಂದಲೇ ಊರು, ಬೆಟ್ಟ, ಹೊಳೆಗಳನ್ನೆಲ್ಲ ಮನಸ್ಸಿನಲ್ಲಿ ಸುತ್ತಿಬರುತ್ತಾನೆ. ಎದುರಿಗೆ ಹೊಸದಾಗಿ ಬಂದ ರಾಜನ ಅಂಚೆಮನೆಯಿಂದ ತನಗೊಂದು ಪತ್ರ ಬಂದೇ ಬರುವುದೆಂದು ಕಾಯುತ್ತಾನೆ. ಊರ ಮುಖಂಡನು ಬರಿಯ ಕಾಗದ ತೋರಿಸಿ ಗೇಲಿ ಮಾಡುತ್ತಾನೆ. ಆದರೆ ರಾಜವೈದ್ಯನು ನಿಜವಾಗಿಯೂ ಬಂದು, ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ತೆರೆಯಿಸುತ್ತಾನೆ. ನಕ್ಷತ್ರಗಳ ಬೆಳಕಿನಲ್ಲಿ ಅಮಲನು ನಿದ್ದೆ ಹೋಗುತ್ತಾನೆ.

ನಿಲಯದಲ್ಲಿ ಸಹಾಯಕಳಾಗಿದ್ದ ಎಸ್ತೆರ್ಕಾ ವಿನೊಗ್ರೋನ್ ಎಂಬ ತರುಣಿ ಮಕ್ಕಳಿಗೆ ನಾಟಕ ಕಲಿಸಿದಳು. ಕೇರಿಯ ಗೋಡೆಯಾಚೆ ಹೋಗಲಾರದ ಮಕ್ಕಳಿಗೆ ಕಿಟಕಿಯಾಚೆ ಹೋಗಲಾರದ ಅಮಲನ ಪಾತ್ರವನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಪ್ರಯೋಗದ ವಾರದಲ್ಲಿಯೇ ಒಂದು ಅನಾಹುತ ನಡೆಯಿತು. ಆಹಾರ ವಿಷವಾಗಿ ಮಕ್ಕಳೂ ಸಿಬ್ಬಂದಿಯೂ ಒಂದೇ ಇರುಳಿನಲ್ಲಿ ವಾಂತಿಭೇದಿಯಿಂದ ನೆಲಕ್ಕೊರಗಿದರು. ಕತ್ತಲೆಯಲ್ಲಿ ಡಾಕ್ಟರರೂ ಸ್ತೆಫಾನಿಯಾ ಅವರೂ ಹಾಸಿಗೆಯಿಂದ ಹಾಸಿಗೆಗೆ ಸುಣ್ಣದ ತಿಳಿನೀರು ಹೊತ್ತು ತಿರುಗಿದರು. ಮೊದಲೇ ಬಡಕಲಾಗಿದ್ದ ಮಕ್ಕಳು ಆ ಒಂದು ರಾತ್ರಿಯಲ್ಲಿ ಸರಾಸರಿ ಒಂದು ಕಿಲೋದಷ್ಟು ತೂಕ ಕಳೆದುಕೊಂಡರೆಂದು ಡಾಕ್ಟರರ ಲೆಕ್ಕ ಹೇಳುತ್ತದೆ. ಆದರೂ ನಾಟಕ ನಿಲ್ಲಲಿಲ್ಲ.

1942ರ ಜುಲೈ 18, ಶನಿವಾರ, ಸಂಜೆ ನಾಲ್ಕೂವರೆ ಗಂಟೆಗೆ ಪ್ರಯೋಗ. ಪ್ರವೇಶ ಉಚಿತ, ಕೇರಿಯ ಮಿತ್ರರಿಗೆ ಆಹ್ವಾನಪತ್ರ ಹೋಗಿತ್ತು. ನೆರೆದವರು ಮನಮುಟ್ಟಿ ಚಪ್ಪಾಳೆ ತಟ್ಟಿದರು. ಈ ನಾಟಕವನ್ನೇ ಆರಿಸಿದ್ದೇಕೆಂದು ಕೇಳಿದವರಿಗೆ, ಮೃತ್ಯುದೂತನನ್ನು ಶಾಂತಚಿತ್ತರಾಗಿ ಎದುರ್ಗೊಳ್ಳುವುದನ್ನು ಕಲಿಯಬೇಕಾಗಿದೆಯೆಂಬ ಅರ್ಥದ ಉತ್ತರ ಡಾಕ್ಟರರಿಂದ ಬಂದಿತೆಂದು ಬಲ್ಲವರು ಹೇಳುತ್ತಾರೆ. ಈ ಉತ್ತರ ಬಹಳ ಪ್ರಚಾರ ಪಡೆದಿದೆ. ಅದರಿಂದ ಆ ಸಂಜೆ ಬರಿಯ ಮೃತ್ಯುವಿನ ಪಾಠವಾಗಿತ್ತೆಂದು ತಿಳಿಯುವುದು ಸರಿಯಲ್ಲ. ಡಾಕ್ಟರರ ದಿನಚರಿಯಲ್ಲಿ ಬೇರೊಂದು ಚಿತ್ರವಿದೆ. ನಟರಾದ ಮಕ್ಕಳು ತಮ್ಮ ಪಾತ್ರಗಳನ್ನು ಮರುದಿನವೂ ಮುಂದುವರಿಸಿದರೆ ಏನಾದೀತು, ಒಬ್ಬನು ತನ್ನನ್ನು ಫಕೀರನೆಂದೇ, ಇನ್ನೊಬ್ಬನು ನಿಜವಾದ ವೈದ್ಯನೆಂದೇ ಭಾವಿಸಿಕೊಂಡರೆ ಹೇಗೆ ಎಂದು ಅವರು ಅಲ್ಲಿ ವಿನೋದದಿಂದ ಯೋಚಿಸುತ್ತಾರೆ. ಮನುಷ್ಯಜೀವನದಲ್ಲಿ ಭ್ರಮೆಯ ಸ್ಥಾನವೇನೆಂಬುದನ್ನು ಮಲಗುವ ಮನೆಯ ಮಾತುಕತೆಗೆ ವಿಷಯವಾಗಿಟ್ಟುಕೊಳ್ಳಬಹುದೆಂದೂ ಹವಣಿಸುತ್ತಾರೆ. ಹೊಟ್ಟೆಗಿಲ್ಲದ, ಬೇನೆಯಿಂದ ಆಗತಾನೆ ಎದ್ದ ಮಗು ಒಂದು ಸಂಜೆಯ ಮಟ್ಟಿಗೆ ಮೊಸರು ಮಾರುವವನಾಗಿ, ರಾಜವೈದ್ಯನಾಗಿ ಓಡಾಡಿತಲ್ಲ, ಅದೇ ಅವರಿಗೆ ಮುಖ್ಯವಾಗಿತ್ತು.

ನಾಲ್ಕು ದಿನಗಳ ತರುವಾಯ, ಜುಲೈ 22ರಂದು, ಕೇರಿಯ ಜನರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾ ಎಂಬ ಮರಣಶಿಬಿರಕ್ಕೆ ಸಾಗಿಸುವುದು ಪ್ರಾರಂಭವಾಯಿತು. ನಾಟಕ ಕಲಿಸಿದ ಎಸ್ತೆರ್ಕಾ ಮೊದಲ ದಿನಗಳಲ್ಲಿಯೇ ಸಿಕ್ಕಿಬಿದ್ದಳು. ಅವಳನ್ನು ಬಿಡಿಸಲು ಡಾಕ್ಟರರು ಪಟ್ಟ ಪ್ರಯತ್ನ ಫಲಿಸಲಿಲ್ಲ. ಗೋಡೆಯಾಚೆಗೆ ಅವರೊಬ್ಬರನ್ನು ಪಾರುಮಾಡಲು ನೆವೆರ್ಲಿಯವರೂ ಇತರ ಮಿತ್ರರೂ ಸಿದ್ಧರಾಗಿದ್ದರು. ಮಕ್ಕಳನ್ನು ಬಿಟ್ಟು ಬರಲು ಅವರು ಒಪ್ಪಲಿಲ್ಲ.

ಆಗಸ್ಟ್ 4ರ ಬೆಳಗ್ಗೆ ಅವರು ಕಿಟಕಿಯ ಬಳಿಯ ಹೂಗಿಡಗಳಿಗೆ ನೀರೆರೆದರು. ಕೆಳಗೆ ಬಂದೂಕು ಹಿಡಿದ ಕಾವಲಿನ ಸೈನಿಕ ನೋಡುತ್ತ ನಿಂತಿದ್ದನು. ಯುದ್ಧಕ್ಕೆ ಮೊದಲು ಅವನು ಯಾವುದೋ ಹಳ್ಳಿಯ ಶಾಲೆಯ ಉಪಾಧ್ಯಾಯನಾಗಿದ್ದಿರಬಹುದೇ ಎಂಬ ಪ್ರಶ್ನೆ ಡಾಕ್ಟರರ ಮನಸ್ಸಿನಲ್ಲಿ ಮೂಡಿತು. ದಿನಚರಿ ಅಲ್ಲಿಗೆ ನಿಲ್ಲುತ್ತದೆ.

ಮರುದಿನ ಬೆಳಗ್ಗೆ ನಿಲಯಕ್ಕೆ ಆಜ್ಞೆ ಬಂದಿತು. ಆ ದಿನದ ನಡಿಗೆಯನ್ನು ಕುರಿತು ಹಲವು ಕಥೆಗಳು ಹುಟ್ಟಿವೆ. ಅವೆಲ್ಲ ಒಂದನ್ನೊಂದು ಹೋಲುವುದಿಲ್ಲ. ನಿರ್ವಿವಾದವಾದುದಿಷ್ಟು: ಸುಮಾರು ಇನ್ನೂರು ಮಕ್ಕಳು, ಸ್ತೆಫಾನಿಯಾ, ಇತರ ಶಿಕ್ಷಕಿಯರು, ಡಾಕ್ಟರರು ಬೇಸಗೆಯ ಬಿಸಿಲಿನಲ್ಲಿ ಸಾಲಾಗಿ ನಡೆದು ರೈಲು ನಿಲ್ದಾಣ ಸೇರಿದರು. ಯಾರೂ ಹಿಂತಿರುಗಲಿಲ್ಲ.

ದಿನಚರಿಯ ಹಾಳೆಗಳು ಕೇರಿಯಿಂದ ಹೊರಗೆ ನೆವೆರ್ಲಿಯವರ ಕೈಸೇರಿ, ವಾರ್ಸಾದ ಮತ್ತೊಂದು ಮಕ್ಕಳ ಮನೆಯ ಗೋಡೆಯೊಳಗೆ ಅಡಗಿದ್ದು, ಯುದ್ಧ ಮುಗಿದ ಮೇಲೆ ಬೆಳಕು ಕಂಡವು. 1958ರಲ್ಲಿ ಪುಸ್ತಕವಾಗಿ ಪ್ರಕಟವಾದವು. ಕ್ರೋಖ್ಮಾಲ್ನಾ ಬೀದಿಯ ಕಟ್ಟಡ ಯುದ್ಧದಲ್ಲಿ ಹಾನಿಗೊಂಡರೂ ಉಳಿದುಕೊಂಡಿತು. 1978ರಲ್ಲಿ ಪೋಲೆಂಡ್ ದೇಶವು ಮಕ್ಕಳ ಹಕ್ಕುಗಳ ಒಡಂಬಡಿಕೆಯ ಕರಡನ್ನು ವಿಶ್ವಸಂಸ್ಥೆಯ ಮುಂದಿಟ್ಟಾಗ ಅದರ ಹಿಂದೆ ಕೋರ್ಚಾಕರ ವಿಚಾರಗಳ ಪ್ರೇರಣೆಯಿತ್ತು. 1989ರಲ್ಲಿ ಅದು ಅಂಗೀಕೃತವಾಯಿತು. ಟ್ರೆಬ್ಲಿಂಕಾದ ಬಯಲಿನಲ್ಲಿ ಮಡಿದವರ ನೆನಪಿಗಾಗಿ ಸಾವಿರಾರು ಕಲ್ಲುಗಳನ್ನು ನೆಡಲಾಗಿದೆ. ಕೆಲವು ಕಲ್ಲುಗಳ ಮೇಲೆ ಊರುಗಳ ಹೆಸರುಗಳಿವೆ. ವ್ಯಕ್ತಿಯ ಹೆಸರಿರುವ ಕಲ್ಲು ಅಲ್ಲಿ ಒಂದೇ. ಅದರ ಮೇಲೆ ಕೋರ್ಚಾಕರ ಎರಡು ಹೆಸರುಗಳನ್ನೂ ಕೆತ್ತಿ, ಅವುಗಳ ಜೊತೆಯಲ್ಲಿ ಮಕ್ಕಳನ್ನೂ ಸೇರಿಸಿ ಬರೆಯಲಾಗಿದೆ.